ಕೆಂಪು ಹನಿ ಬರುವ ಹೊತ್ತು

ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಕಲ್ಲಕ್ಕ ಕಾಲೇಜಿನ ಪ್ರಯೋಗಾಲಯದಲ್ಲಿ ಸ್ಟೂಲು ಹತ್ತಿ ನಿಂತು, ನೂರು ಮೀಟರ್ ಉದ್ದದ ಸಣ್ಣ ಕೊಳವೆಯೊಳಕ್ಕೆ ಒಂದೇ ಒಂದು ಹನಿ ಕೆಂಪು ಎಣ್ಣೆ ಬಿಡುತ್ತಿದ್ದರು. ಒಳಗಿನದು ಕಾಣುವಂಥ ಆ ಕೊಳವೆ ನೀರು ತುಂಬಿದ ಬಕೆಟ್ಟಿನಿಂದ ಹೊರಟು, ಕೋಣೆಯ ಗೋಡೆಗಳಿಗೆ ನಾಲ್ಕು ಸುತ್ತು ಬಂದು, ಕಿಟಕಿಯ ಬಳಿ ಗಾಜಿನ ಲೋಟದಲ್ಲಿ ಕೊನೆಯಾಗುತ್ತಿತ್ತು.

"ಎಂಬತ್ತೇಳು ನಿಮಿಷಕ್ಕೆ ಆ ತುದಿಗೆ ಬರುತ್ತೆ," ಎಂದರು, ಕೆಳಗಿಳಿದು ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ನನ್ನ ಅತಿ ಆಳದ ಎಣ್ಣೆಬಾವಿಯಲ್ಲಿ ಮೂರು ಸಾವಿರದ ಆರುನೂರು ಮೀಟರ್ ಕೆಳಗಿಂದ ಒಂದು ಕಲ್ಲಿನ ಚೂರು ಮೇಲೆ ಬರೋಕೂ ಅಷ್ಟೇ ಹೊತ್ತು ಹಿಡೀತಿತ್ತು."

"ಅಷ್ಟರಲ್ಲಿ ನಾನು ಒಂದು ನಿದ್ದೆ ಮುಗಿಸ್ತೀನಿ ಮೇಡಂ," ಎಂದ ಒಬ್ಬ.

"ಪಾಠ ಶುರುವಾದಾಗಿಂದ ನೀನು ಮಾಡ್ತಿರೋದು ಅದೇ ತಾನೇ," ಎಂದಳು ಹಿಂದಿನ ಬೆಂಚಿನ ಕನ್ನಡಕದ ಹುಡುಗಿ. ಎಲ್ಲರೂ ನಕ್ಕರು.

ಕಲ್ಲಕ್ಕ ಎನ್ನುವುದು ಕೆಲಸದ ಜಾಗದವರು ಇಟ್ಟ ಹೆಸರು. ಬಾವಿ ಕೊರೆಯುವಾಗ ಪುಡಿಯಾದ ಕಲ್ಲನ್ನು ಕೆಸರುನೀರು ಮೇಲಕ್ಕೆ ಹೊತ್ತು ತರುತ್ತದೆ. ಅದನ್ನು ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕೆಳಗೆ ಯಾವ ಪದರ ಇದೆ ಎಂದು ಹೇಳುವುದು ಮೂವತ್ತೊಂದು ವರ್ಷ ಅವರು ಮಾಡಿದ ಕೆಲಸ. ಈಗ ಎಣ್ಣೆ ಕಂಪನಿಯ ತರಬೇತಿಯಲ್ಲಿ ಅದನ್ನೇ ಎಳೆಯರಿಗೆ ಕಲಿಸುತ್ತಿದ್ದರು. ಕಲಿಯಲು ಬರುವ ಎಳೆಯರೇ ಕಡಿಮೆಯಾಗಿದ್ದರು. ಆ ದಿನ ಸಂಜೆ ನಾಲ್ಕರೊಳಗೆ ಹತ್ತು ಅರ್ಜಿ ಬರದಿದ್ದರೆ ತರಬೇತಿಯ ತರಗತಿ ಮುಚ್ಚಿ, ಕಲ್ಲಿನ ಮಾದರಿಗಳಿದ್ದ ಅವರ ಕೋಣೆಗೆ ಬೀಗ ಹಾಕುವುದೆಂದು ಕಂಪನಿಯ ಮೇಲಿನವರು ಬರೆದು ಕಳಿಸಿದ್ದರು.

ಅರ್ಜಿಗಾಗಿ ಈ ಕಾಲೇಜಿಗೆ ಅವರ ಜೊತೆ ಬಂದಿದ್ದ ನೇಮಕಾತಿ ಅಧಿಕಾರಿ, ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಪಕ್ಕದ ಸಭಾಂಗಣದಲ್ಲಿ ಹೆಲಿಕಾಪ್ಟರು ಹಾರುವ ಚಿತ್ರ ತೋರಿಸುತ್ತಿದ್ದ. ಟೋಪಿ, ಪೆನ್ನು ಹಂಚುತ್ತಿದ್ದ. ಹುಡುಗರು ಅತ್ತ ಹೋದರು. ಕನ್ನಡಕದ ಹುಡುಗಿ ಬಾಗಿಲಲ್ಲೇ ನಿಂತಳು.

"ಮೇಡಂ, ಒಂದು ಕೇಳಲಾ? ಇನ್ನೆಷ್ಟು ವರ್ಷ ಇರುತ್ತೆ ಈ ಎಣ್ಣೆ ಕೆಲಸ? ನಾನು ಸೇರಿದ ಮೇಲೆ ಅಂಗಡಿ ಮುಚ್ಚಿದ್ರೆ?"

"ನನಗೆ ಗೊತ್ತಿಲ್ಲ ಕಣಮ್ಮ. ಮೂವತ್ತು ವರ್ಷ ಗ್ಯಾರಂಟಿ ಅಂತ ಹೇಳಿದ್ರೆ ಅದು ಸುಳ್ಳು. ನೆಲದ ಒಳಗೆ ಏನಿದೆ ಅಂತ ಓದೋಕೆ ಬಂದ್ರೆ ನೀರು ಹುಡುಕೋರಿಗೂ ನೀನು ಬೇಕಾಗ್ತೀಯ, ಭೂಮಿಯ ಬಿಸಿ ತೆಗೆಯೋರಿಗೂ ಬೇಕಾಗ್ತೀಯ. ಇಷ್ಟು ಮಾತ್ರ ಹೇಳಬಲ್ಲೆ."

ಹುಡುಗಿ ತಲೆಯಾಡಿಸಿ ಹೋದಳು.

ಕೋಣೆಯ ಸದ್ದು ಅಡಗಿತು. ಕೆಂಪು ಹನಿ ಸೆಕೆಂಡಿಗೆ ಎರಡು ಸೆಂಟಿಮೀಟರಿನಂತೆ ಕಪ್ಪುಹಲಗೆಯ ಮೇಲೆ, ಬೀರುವಿನ ಹಿಂದೆ, ಗಡಿಯಾರದ ಕೆಳಗೆ ಹಾದು ಬರುತ್ತಿತ್ತು. ಬಿಸಿಲು ಬಿದ್ದಲ್ಲಿ ದಾಳಿಂಬೆ ಕಾಳಿನಂತೆ ಹೊಳೆದು, ನೆರಳಿಗೆ ಬಂದಾಗ ಕಪ್ಪಾಗುತ್ತಿತ್ತು. ಅದನ್ನೇ ನೋಡುತ್ತ ಕಲ್ಲಕ್ಕನಿಗೆ ಕಣ್ಣು ತೂಗಿತು. ಗೋಡೆಗಳು ದೂರ ಸರಿದವು. ಇಪ್ಪತ್ತಮೂರರ ವಯಸ್ಸಿನಲ್ಲಿ ಅವರು ತಗಡಿನ ಗುಡಿಸಲಲ್ಲಿ ಕೂತಿದ್ದಾರೆ. ಕಾಲಡಿಯಲ್ಲಿ ಯಂತ್ರ ಗುಂಯ್‌ಗುಡುತ್ತಿದೆ. ಅಂಗೈಯಲ್ಲಿ ಒದ್ದೆ ಮರಳು, ಯಾವುದೋ ಕಾಲದಲ್ಲಿ ಕಡಲ ದಂಡೆಯಾಗಿದ್ದ ಮರಳು. ಸಂತೋಷದ ಭರದಲ್ಲಿ, ಮರಳಿನ ಚೀಲಕ್ಕೆ ಕಟ್ಟುವ ಬಿಲ್ಲೆಯ ಮೇಲೆ ಆ ಗಳಿಗೆಯಲ್ಲಿ ಕೊರೆಯುತ್ತಿದ್ದ ಆಳವನ್ನು ಬರೆದುಬಿಡುತ್ತಾರೆ. ಆ ಮರಳು ಒಂದೂವರೆ ಗಂಟೆ ಹಿಂದೆ ಹೊರಟದ್ದು ಎಂಬುದೇ ಮರೆತುಹೋಗಿದೆ. ಕೆಲಸ ಕಲಿಸುತ್ತಿದ್ದ ಹಿರಿಯರು ಕನ್ನಡಕ ಮೇಲೇರಿಸಿ, "ಏನಮ್ಮಾ, ಹಳೇ ಕಾಗದ ಓದಿ ಇವತ್ತಿನ ಸುದ್ದಿ ಅಂತೀಯಲ್ಲ!" ಎನ್ನುತ್ತಾರೆ. ಗುಡಿಸಲಿಗೆ ಗುಡಿಸಲೇ ನಗುತ್ತದೆ.

"ಮೇಡಂ! ಎಂಬತ್ತೇಳು ಆಯ್ತು. ಎಲ್ಲಿ ನಿಮ್ಮ ಹನಿ?"

ಕಣ್ಣು ಬಿಟ್ಟರೆ ಹನ್ನೊಂದು ಮೂವತ್ತೊಂಬತ್ತು. ಹದಿನೈದು ಹುಡುಗ ಹುಡುಗಿಯರು ತಲೆಗೆ ಹೊಸ ಟೋಪಿ ಇಟ್ಟುಕೊಂಡು ಲೋಟದ ಸುತ್ತ ಬಗ್ಗಿದ್ದರು. ಹನಿ ಇನ್ನೂ ಕೊನೆಯ ಗೋಡೆಯ ಮೇಲಿತ್ತು. ಯಾರೂ ಕದಲಲಿಲ್ಲ. ಹನ್ನೊಂದು ನಲವತ್ತಮೂರಕ್ಕೆ ಅದು ಟಪ್ಪೆಂದು ಲೋಟಕ್ಕೆ ಬಿದ್ದಾಗ ಕ್ರಿಕೆಟ್ ಗೆದ್ದಂತೆ ಕೂಗಿದರು.

"ನಾಲ್ಕು ನಿಮಿಷ ತಪ್ಪಿದೆ," ಎಂದರು ಕಲ್ಲಕ್ಕ, ಪುಸ್ತಕದಲ್ಲಿ ಬರೆದುಕೊಳ್ಳುತ್ತ. "ಯಾಕೆ?"

ಕನ್ನಡಕದ ಹುಡುಗಿ ಬಕೆಟ್ಟಿನೊಳಗೆ ಇಣುಕಿ, ಬೆರಳಿನಲ್ಲಿ ಅಳತೆ ಹಿಡಿದಳು. "ನೀರು ಎರಡೂವರೆ ಸೆಂಟಿಮೀಟರ್ ಇಳಿದಿದೆ. ಇಳಿದ ಹಾಗೆಲ್ಲ ಒತ್ತಡ ಕಡಿಮೆ ಆಗುತ್ತಲ್ಲ. ನೀವು ಬಕೆಟ್ ತುಂಬಿದ್ದಾಗಿನ ಲೆಕ್ಕ ಹಾಕಿದ್ದೀರಿ. ನಮ್ಮಪ್ಪ ನಲ್ಲಿ ರಿಪೇರಿ ಮಾಡೋದು, ಮೇಡಂ. ತೊಟ್ಟಿ ಇಳಿದ್ರೆ ನಲ್ಲಿ ಸೊರಗುತ್ತೆ ಅಂತ ನಮ್ಮನೇಲಿ ಬೆಕ್ಕಿಗೂ ಗೊತ್ತು."

ಕಲ್ಲಕ್ಕ ಆ ಕಾರಣವನ್ನೂ ಪುಸ್ತಕಕ್ಕೆ ಸೇರಿಸಿದರು. ಆಮೇಲೆ ಮೇಜಿನ ಮೇಲಿನ ಅರ್ಜಿಗಳಲ್ಲಿ ಒಂದನ್ನು ಹುಡುಗಿ ತಾನಾಗಿ ಎತ್ತಿಕೊಂಡಳು. "ಮನೆಯವರ ಸಹಿ ಬೇಕಂತೆ. ಅಪ್ಪ ಊರಿನ ಆಚೆ ತುದಿಯಲ್ಲಿ ಕೆಲಸಕ್ಕೆ ಹೋಗಿದ್ದಾರೆ," ಎಂದು ಗೊಣಗಿಕೊಂಡು ಓಡಿದಳು.

ಮಧ್ಯಾಹ್ನವೆಲ್ಲ ಅರ್ಜಿಗಳು ಒಂದೊಂದಾಗಿ ಬಂದವು. ನಾಲ್ಕು ಗಂಟೆಗೆ ಅಧಿಕಾರಿ ಎಣಿಸಿದ, ಮತ್ತೆ ಎಣಿಸಿದ.

"ಅಕ್ಕ, ಒಂಬತ್ತು. ಪಟ್ಟಿ ಮುಚ್ಚಲಾ?"

"ತಡಿ ತಮ್ಮ. ಇನ್ನೊಂದು ಮೇಲೆ ಬರ್ತಾ ಇದೆ."

"ಎಷ್ಟು ಹೊತ್ತು ಅಂತ ತಡೀಲಿ?"

ಕಲ್ಲಕ್ಕ ಒಂದು ಲೆಕ್ಕ ಹೇಳಿದರು. ಅವನು ನಕ್ಕು, ಟೋಪಿ ಖಾಲಿಯಾದ ಪೆಟ್ಟಿಗೆಯ ಮೇಲೆ ಕೂತುಕೊಂಡ. ಕಿಟಕಿಯ ಬಿಸಿಲು ಬೆಂಚಿನಿಂದ ಬೆಂಚಿಗೆ ಜರುಗಿತು. ಕೊಳವೆ ಸುತ್ತಿಡುತ್ತಿದ್ದ ಕಲ್ಲಕ್ಕನ ಕಣ್ಣು ಮಾತ್ರ ಬಾಗಿಲಲ್ಲೇ ಇತ್ತು. ಐದು ಗಂಟೆ ಇಪ್ಪತ್ತೊಂಬತ್ತಕ್ಕೆ ಕನ್ನಡಕದ ಹುಡುಗಿ ಏದುಸಿರು ಬಿಡುತ್ತ ಬಂದಳು, ಹಿಂದೆಯೇ ಸ್ಪ್ಯಾನರಿನ ಚೀಲ ಹೆಗಲಿಗೇರಿಸಿದ ಅಪ್ಪ, "ಇವಳು ನಿಮ್ಮ ಲೆಕ್ಕ ತಿದ್ದಿದಳಂತೆ, ಹೌದಾ ಅಮ್ಮಾ?" ಎಂದು ಕೇಳಿಕೊಂಡೇ ಒಳಗೆ ಕಾಲಿಟ್ಟ.

ತರಗತಿ ನಡೆಯಿತು. ಕಲ್ಲಕ್ಕ ನಿವೃತ್ತರಾಗಿ, ಆ ಕೋಣೆಯ ಬೀಗದ ಕೈ ಕನ್ನಡಕದ ಹುಡುಗಿಗೆ ಬಂದ ಮೇಲೂ ಅಧಿಕಾರಿ ಹೊಸಬರಿಗೆಲ್ಲ ಆ ಸಂಜೆಯ ಕತೆ ಹೇಳುತ್ತಿದ್ದ: ಎಷ್ಟು ಹೊತ್ತು ಅಂತ ಕೇಳಿದೆನಲ್ಲ, ಎಂಬತ್ತೇಳು ಅಂತಾರೆ ಅಂದುಕೊಂಡಿದ್ದೆ, ಅಕ್ಕ ಗಡಿಯಾರ ಕೂಡ ನೋಡದೆ ಅಂದರು, "ತೊಂಬತ್ತೊಂದು ನಿಮಿಷ."