ಗೋಡೆ ದಾಟಿದ ಕೋಸಿನ ಎಲೆ

ಸಿಂಗಾಪುರಕ್ಕೆ ಹೋಗಲು ಆಗ ಪಾಸ್‌ಪೋರ್ಟು ಬೇಕಿರಲಿಲ್ಲ. ಯಶವಂತಪುರದ ಕಡೆಯಿಂದ ಬರುವ ಬಸ್ಸು ಎಲ್ಲಿ ಇಳಿಸುತ್ತದೋ ಅಲ್ಲಿಂದಾಚೆಗೆ ಎರಡು ಕಾಲು ಗಟ್ಟಿಯಿದ್ದರೆ ಸಾಕಿತ್ತು. ಈ ಸಿಂಗಾಪುರದಲ್ಲಿ ಬಂದರು ಇರಲಿಲ್ಲ. ಬಂದರೂ ಯಾರೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಅದಕ್ಕೆ ಕಾರಣ ಕೆರೆಯ ಕೆಳಗಿನ ಒಂದು ಮಣ್ಣಿನ ಗೋಡೆ. ಅದರ ಈಚೆ ಗಂಗರತ್ನಮ್ಮನ ತರಕಾರಿ ತೋಟ, ಆಚೆ ಅವಳ ಓರಗಿತ್ತಿ ಸುಬ್ಬಮ್ಮನ ದನದ ಕೊಟ್ಟಿಗೆ. ಗೋಡೆಯ ಮೇಲೆ ಗುಬ್ಬಿ ಕೂಡ ಕೂರುತ್ತಿರಲಿಲ್ಲ. ಎರಡೂ ಕಡೆಯಿಂದ ಬರುತ್ತಿದ್ದ ಬೈಗುಳಕ್ಕೆ ರೆಕ್ಕೆ ಸುಟ್ಟುಹೋಗುವ ಭಯವಿದ್ದಿರಬೇಕು.

ಗಂಗರತ್ನಮ್ಮ ಮಾಕಳಿಯವಳು, ದನದ ದಲ್ಲಾಳಿಯ ಮಗಳು. ಮದುವೆಯಾಗಿ ಬಂದಾಗ ಈ ಮನೆಗೆ ಅವಳು ಎರಡನೆಯ ಸೊಸೆ. ಹಿರಿಯಣ್ಣ ದೊಡ್ಡಮುನಿಯಪ್ಪನ ಹೆಂಡತಿ ಸುಬ್ಬಮ್ಮ ಆಗಲೇ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು. ಅಡುಗೆಮನೆಯಲ್ಲಿ ಜಾಗ ಸಿಗದ ಗಂಗರತ್ನಮ್ಮ ಬಾವಿಯ ಪಕ್ಕದ ಬರಡು ತುಂಡಿಗೆ ಇಳಿದಳು. ಕಲ್ಲು ಆರಿಸಿದಳು, ಪಾತಿ ಕಟ್ಟಿದಳು. ಕೆಲವೇ ವರ್ಷಗಳಲ್ಲಿ ಅವಳ ನವಿಲುಕೋಸು, ಹೂಕೋಸುಗಳು ಯಶವಂತಪುರದ ಮಾರ್ಕೆಟ್ಟಿನಲ್ಲಿ ಬುಟ್ಟಿ ಇಳಿಸುವ ಮೊದಲೇ ಖರ್ಚಾಗುತ್ತಿದ್ದವು.

ಅವಳಿಗೆ ಗೊತ್ತಿರದ ಬೇಸಾಯವಿರಲಿಲ್ಲ, ಗೊತ್ತಿದ್ದುದನ್ನು ನೆಟ್ಟಗೆ ಹೇಳುವ ನಾಲಗೆಯೂ ಇರಲಿಲ್ಲ. ಪಕ್ಕದ ತೋಟದ ಗೋಪಾಲಮ್ಮ ಒಮ್ಮೆ, "ಯಾಕೋ ನಮ್ ಬದನೆಗೆಲ್ಲ ಉಳ ಬಿದ್ದೈತೆ ಕಣಮ್ಮಿ" ಅಂದಳು.

"ಬೀಳ್ದೆ ಇನ್ನೇನು? ಮೂರು ಬೆಳೆಯಿಂದ ಅದೇ ಜಾಗದಾಗೆ ಬದನೆ ಇಕ್ತಾ ಇದ್ದೀಯ. ಉಳಕ್ಕೆ ಮನೆ ಕಟ್ಕೊಟ್ಟು, ಗೃಹಪ್ರವೇಶಕ್ಕೂ ಕರ್ದಂಗಾಯ್ತು. ಈ ಸತಿ ಅಲಸಂದೆ ಆಕು. ಒಲೆ ಬೂದಿ ಇದ್ರೆ ಬೆಳಗ್ಗೆ ಎಲೆ ಒದ್ದೆ ಇರುವಾಗ ಉದುರ್ಸು. ಬೂದಿನಾದ್ರೂ ಐತೋ, ಅದನ್ನೂ ಮುಕಕ್ಕೆ ಪೌಡರ್ ಮಾಡ್ಕಂಡಿದ್ದೀಯೋ?"

ಗೋಪಾಲಮ್ಮ ಬೂದಿ ಉದುರಿಸಿದಳು, ಅಲಸಂದೆಯನ್ನೂ ಹಾಕಿದಳು, ಬದನೆಯ ಕಾಟ ತಪ್ಪಿತು. ಆಮೇಲೆ ಒಂದು ವರ್ಷ ಗಂಗರತ್ನಮ್ಮನ ಜೊತೆ ಮಾತೂ ತಪ್ಪಿತು.

ಎಮರ್ಜೆನ್ಸಿಯ ಕಾಲದಲ್ಲಿ ದೇಶವೆಲ್ಲ ಬಾಯಿ ಮುಚ್ಚಿಕೊಂಡಿದ್ದಾಗ ಈ ಮನೆಯಲ್ಲಿ ಮಾತ್ರ ವಾಕ್ ಸ್ವಾತಂತ್ರ್ಯ ಮಿತಿಮೀರಿತ್ತು. ಊರ ಹಿರಿಯರು ಬಂದು ಭಾಗ ಮಾಡಲು ಕೂತರು. "ಅಸಗಳು ನಮ್ಮಪ್ಪನ ಮನೆ ಬಳುವಳಿ, ಬಾಲ ಕೂಡ ಬಿಡಕ್ಕಿಲ್ಲ" ಎಂದಳು ಸುಬ್ಬಮ್ಮ. "ತೋಟ ನನ್ ಕೈ ಚರ್ಮ ಸುಲ್ದು ಮಾಡಿದ್ದು, ಒಂದು ಪಾತಿ ಕೂಡ ಬಿಡಕ್ಕಿಲ್ಲ" ಎಂದಳು ಗಂಗರತ್ನಮ್ಮ. ಹಿರಿಯರಿಗೆ ಊಟದ ಹೊತ್ತಾಗಿತ್ತು. ಹಸು, ಕೊಟ್ಟಿಗೆ ಹಿರಿಯವನಿಗೆ, ತೋಟ ಕಿರಿಯವನಿಗೆ, ಬಾವಿ ಇಬ್ಬರಿಗೂ ಎಂದು ತೀರ್ಪು ಕೊಟ್ಟು ಎದ್ದರು. ತಿಪ್ಪೆ ಕೊಟ್ಟಿಗೆಯ ಹಿಂದಿತ್ತು, ಹಸುವಿನ ಹಿಂದೆಯೇ ಹೋಯಿತು.

ಇಬ್ಬರೂ ಗೆದ್ದೆವೆಂದುಕೊಂಡರು. ತೋಟ ಏನು ತಿನ್ನುತ್ತದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಹಸು ಏನು ತಿನ್ನುತ್ತದೆ ಎಂದೂ ಕೇಳಲಿಲ್ಲ. ಅಲ್ಲಿಯವರೆಗೆ ಕೊಟ್ಟಿಗೆಯ ಸಗಣಿ ತೋಟಕ್ಕೆ ಬರುತ್ತಿತ್ತು, ತೋಟದ ಸೊಪ್ಪು ಕೊಟ್ಟಿಗೆಗೆ ಹೋಗುತ್ತಿತ್ತು. ಈಗ ನಡುವೆ ಗೋಡೆ ಎದ್ದಿತು. ಗಂಡಂದಿರಿಬ್ಬರೂ ಬಾವಿಕಟ್ಟೆಯ ಮೇಲೆ ಒಂದೇ ಬೆಂಕಿಕಡ್ಡಿಯಲ್ಲಿ ಬೀಡಿ ಹಚ್ಚಿಕೊಳ್ಳುತ್ತಿದ್ದರು. ಹೆಂಡತಿಯ ಕೆಮ್ಮು ಕೇಳಿದರೆ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದರು.

ಹೆಂಗಸರು ಮಾತು ಬಿಟ್ಟರು. ಬಿಟ್ಟರು ಎಂದರೆ ನೇರವಾಗಿ ಬಿಟ್ಟರು. ಸುಬ್ಬಮ್ಮ ತನ್ನ ಸೀಮೆಹಸು ಚೆಂದ್ರಿಯ ಮುಂದೆ ನಿಂತು, ಗೋಡೆಗೆ ಕೇಳುವಂತೆ, "ನೋಡೇ ಚೆಂದ್ರಿ, ಕೆಲವರ ಮನೆ ಮಣ್ಣಿಗೂ ಅವರ ಬುದ್ಧಿನೇ ಬಂದೈತೆ, ಕಲ್ಲಾಗೋಗೈತೆ" ಎನ್ನುತ್ತಿದ್ದಳು. ಗಂಗರತ್ನಮ್ಮ ಕೋಸಿನ ಗಿಡಕ್ಕೆ ಮಣ್ಣು ಏರಿಸುತ್ತಾ, "ಕೇಳುಸ್ಕೋ ಕೋಸೇ, ಕೆಲವ್ರು ಹಾಲಿಗೆ ನೀರು ಬೆರೆಸೋದನ್ನ ಬಾಣಂತನದಾಗೇ ಕಲ್ತವ್ರೆ" ಎನ್ನುತ್ತಿದ್ದಳು. ಚೆಂದ್ರಿ ಮೆಲುಕು ಹಾಕುತ್ತಿತ್ತು. ಕೋಸು ತಲೆ ಮುಚ್ಚಿಕೊಂಡು ಬೆಳೆಯುತ್ತಿತ್ತು.

ಆದರೆ ಸುಬ್ಬಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ, ಗಂಗರತ್ನಮ್ಮನಿಗೆ ಉರಿದದ್ದು ಅದಕ್ಕೇ. ಊರಿನಲ್ಲಿ ಸಗಣಿ ಬಿಟ್ಟುಕೊಡುವವರಿರಲಿಲ್ಲ. ಎಲ್ಲರಿಗೂ ಅವರವರ ರಾಗಿ ಹೊಲವಿತ್ತು. ಅವಳು ಅಂಗಡಿಯ ಬಿಳಿ ಯೂರಿಯಾ ಗೊಬ್ಬರ ತಂದು ಹಾಕಿದಳು. ಮೊದಲ ಬೆಳೆ ಹಸಿರುಹಸಿರಾಗಿ ಬಂತು. ವರ್ಷ ಕಳೆಯುತ್ತಾ ಮಣ್ಣು ಬಿಗಿಯಿತು, ಹಾಯಿಸಿದ ನೀರು ಒಳಗಿಳಿಯದೆ ಮೇಲೆಯೇ ಜಾರಿತು, ನವಿಲುಕೋಸು ಮುಷ್ಟಿ ಗಾತ್ರಕ್ಕೆ ಬರುವ ಮೊದಲೇ ನಾರಾಯಿತು. ಗಂಡ ಲಕ್ಕಣ್ಣ ಮೆಲ್ಲಗೆ ಬೇರೆ ರಾಗ ತೆಗೆದ. ಲೇಔಟ್ ಮಾಡುವ ಉಪೇಂದ್ರ ಎಂಬಾತ ಸ್ಕೂಟರಿನಲ್ಲಿ ಅಳತೆ ಟೇಪು ಇಟ್ಟುಕೊಂಡು ಆ ಕಡೆಯೆಲ್ಲ ಸುತ್ತುತ್ತಿದ್ದ.

"ಇನ್ನೊಂದು ಬೆಳೆ ಇಂಗೇ ಕೈ ಕೊಟ್ರೆ ಕೊಟ್ಬಿಡಾನ ಕಣೇ" ಎಂದ ಲಕ್ಕಣ್ಣ.

"ಕೊಡು. ನನ್ನ ಮೊದ್ಲು ಅದೇ ಪಾತಿನಾಗೆ ಊತು ಆಮೇಲೆ ಕೊಡು. ಗೊಬ್ಬರಾನಾದ್ರೂ ಆಯ್ತೀನಿ."

ಮಾತು ಹಾಗೆ ಆಡಿದರೂ ಅವಳಿಗೆ ಗೊತ್ತಿತ್ತು, ಮುಂದಿನ ಬೆಳೆ ಬರದಿದ್ದರೆ ತೋಟ ಉಳಿಯುವುದಿಲ್ಲ. ಆ ಬೆಳೆಗೆಂದೇ ಒಳ್ಳೆಯ ಬೀಜ ತರಿಸಿ, ಸಸಿ ಎಬ್ಬಿಸಲು ಗೋಡೆಯ ಬುಡದಲ್ಲಿ ಒಟ್ಲು ಹಾಕಿದಳು. ಸಸಿ ಎರಡೆಲೆ ಬಿಟ್ಟಾಗ, ಬಾವಿಯ ಸರದಿಯ ಜಗಳದಲ್ಲಿ ಸೋತ ಸುಬ್ಬಮ್ಮ ಬುಟ್ಟಿಗಟ್ಟಲೆ ಹಸಿ ಸಗಣಿ ತಂದು ಗೋಡೆಯ ಮೇಲಿಂದ ಆ ಒಟ್ಲ ಮೇಲೆಯೇ ಸುರಿದಳು.

"ಚೆಂದ್ರೀ, ಬೇಕು ಬೇಕು ಅಂತ ಬಾಯಿ ಬಿಡೋರಿಗೆ ಆಕಿದ್ದೀನಿ ಕಣೇ!"

ಹಸಿ ಸಗಣಿಯ ಕಾವಿಗೆ ಎಳೆ ಸಸಿ ಒಂದೇ ದಿನದಲ್ಲಿ ಬೆಂದುಹೋಯಿತು. ಗಂಗರತ್ನಮ್ಮ ಅಳಲಿಲ್ಲ. ಮೊದಲು ಆ ಸಗಣಿಯನ್ನೆಲ್ಲ ಬಾಚಿ ಬೇಲಿಯಂಚಿನ ಗುಂಡಿಗೆ ಹಾಕಿ, ಮೇಲೆ ಒಣ ತರಗು, ಅದರ ಮೇಲೆ ಮಣ್ಣು ಮುಚ್ಚಿದಳು. ಕೋಪ ಬಂದಿದ್ದರೂ ಸಗಣಿ ಬಿಸಿಲಿಗೆ ಒಣಗಬಾರದು ಎಂಬ ಬುದ್ಧಿ ಇತ್ತು. ಆಮೇಲೆ ಒಂದು ಹೊರೆ ಕೋಸಿನ ಕೊಳಕು ಎಲೆ ಹೊತ್ತು ತಂದು ಕೊಟ್ಟಿಗೆಯ ಅಂಗಳಕ್ಕೆ ಎಸೆದಳು. "ತಗಳಪ್ಪ ಕೋಸೇ, ಕಸ ಎಲ್ಲಿ ಸೇರ್ಬೇಕೋ ಅಲ್ಲಿಗೆ ಸೇರ್ತು!"

ಹೀಗೆ ಶುರುವಾಯಿತು. ಬೆಳಗ್ಗೆ ಆಚೆಯಿಂದ ಸಗಣಿ, ಸಂಜೆ ಈಚೆಯಿಂದ ಎಲೆ. ಇಬ್ಬರೂ ಹಟಕ್ಕೆ ಬಿದ್ದು ದಿನವೂ ಎಸೆದರು. ಗುಂಡಿ ತುಂಬಿತು, ಕೊಳೆಯಿತು, ಕರ್ರಗಾಯಿತು. ಮತ್ತೆ ಹಾಕಿದ ಒಟ್ಲಿಗೆ ಅದನ್ನು ಜರಡಿ ಹಿಡಿದು ಉದುರಿಸಿದಾಗ ಮಣ್ಣು ಸಡಿಲವಾಗಿ ಎರೆಹುಳು ಕಂಡವು. ಅತ್ತ ಬರೀ ರಾಗಿಹುಲ್ಲು ತಿಂದು ಮೂಳೆ ಬಿಟ್ಟಿದ್ದ ಚೆಂದ್ರಿಯ ಮೈ ತುಂಬಿತು, ಹಾಲು ಏರಿತು. ಇಬ್ಬರಿಗೂ ಇದು ಕಾಣಿಸುತ್ತಿತ್ತು. ಆದರೆ ಎಸೆಯುವುದನ್ನು ನಿಲ್ಲಿಸಿದರೆ ಸೋತಂತೆ. ಲಾಭವಿದೆ ಎಂದು ಒಪ್ಪಿದರೆ ಸತ್ತಂತೆ. ಆದ್ದರಿಂದ ಬೈಗುಳವನ್ನು ಇನ್ನಷ್ಟು ಖಾರ ಮಾಡಿಕೊಂಡು ವಹಿವಾಟು ನಡೆಸಿದರು.

ಕೋಸು ಕಟ್ಟಿ, ಇನ್ನೇನು ಕುಯ್ಯಬೇಕು ಎನ್ನುವಾಗ ಒಂದು ಮಳೆಯ ಬೆಳಗ್ಗೆ ಉಪೇಂದ್ರನ ಸ್ಕೂಟರು ಕೊಟ್ಟಿಗೆಯ ಮುಂದೆ ನಿಂತಿತು. ಸುಬ್ಬಮ್ಮ ಅವನನ್ನು ಗೋಡೆಯ ಬಳಿಗೆ ಕರೆತಂದು, ತೋಟದತ್ತ ಕೈ ತೋರಿಸಿ, "ಬಾವಿ ಗಂಟ ಅವ್ರದೇ ಕಣಪ್ಪ. ಇವತ್ತೋ ನಾಳೆನೋ ಬಿಡ್ತಾರೆ" ಎಂದಳು. ಗಂಗರತ್ನಮ್ಮ ಕೋಸಿನ ಸಾಲಿನಲ್ಲಿ ಬಗ್ಗಿದ್ದಳು. ಒಂದೊಂದು ಅಕ್ಷರವೂ ಕೇಳಿತು.

ಸ್ಕೂಟರು ಹೋಗುವುದನ್ನೇ ಕಾದು, ಅವಳು ಆಗಷ್ಟೇ ಸವರಿದ ಎಲೆಯನ್ನೆಲ್ಲ, ಮಳೆನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ, ಹೊರೆಯ ಮೇಲೆ ಹೊರೆ ಗೋಡೆಯಾಚೆ ಎಸೆದಳು. ಅಷ್ಟು ಎಲೆ ಅವಳು ಎಂದೂ ಎಸೆದಿರಲಿಲ್ಲ, ಅದೂ ಒದ್ದೆ ಎಲೆ. ಹಸಿದ ಹೊಟ್ಟೆಗೆ ನೆನೆದ ಸೊಪ್ಪು ಹಾಕಬಾರದೆಂದು ದಲ್ಲಾಳಿಯ ಮಗಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿನಲ್ಲಿ ಅವಳು ಎಸೆದದ್ದು ಹಸುವಿಗಲ್ಲ.

ತಿಂದದ್ದು ಮಾತ್ರ ಹಸುವೇ. ಚೆಂದ್ರಿ ಹಗ್ಗ ಕಿತ್ತುಕೊಂಡು ಬಂದು ಅಷ್ಟನ್ನೂ ಮುಗಿಸಿತು. ಮಧ್ಯಾಹ್ನದ ಹೊತ್ತಿಗೆ ಗೋಡೆಯಾಚೆಯಿಂದ ಬೈಗುಳವಿಲ್ಲದ ಒಂದು ಕೂಗು ಬಂತು. ಅದಕ್ಕೇ ಗಂಗರತ್ನಮ್ಮ ಬೆಚ್ಚಿದಳು. ಕಲ್ಲಿನ ಮೇಲೆ ಹತ್ತಿ ಇಣುಕಿದಳು. ಚೆಂದ್ರಿಯ ಎಡಮಗ್ಗುಲು ತಮಟೆಯಂತೆ ಬಿಗಿದು ಬೆನ್ನಿಗಿಂತ ಮೇಲೆದ್ದಿತ್ತು. ಬಾಯಲ್ಲಿ ಜೊಲ್ಲು, ಕಾಲು ನಡುಗುತ್ತಿತ್ತು. ದೊಡ್ಡಮುನಿಯಪ್ಪ ದನದ ಡಾಕ್ಟರನ್ನು ಕರೆತರಲು ಸೈಕಲ್ಲಿನಲ್ಲಿ ಯಲಹಂಕಕ್ಕೆ ಹೋಗಿದ್ದ. ಅವನು ಬರುವವರೆಗೆ ಹಸು ಕಾಯುವಂತೆ ಕಾಣಲಿಲ್ಲ.

ಸುಬ್ಬಮ್ಮ ಇವಳನ್ನು ಕಂಡಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನೇರವಾಗಿ ಮಾತಾಡಿದಳು. "ನನ್ ಅಸ ಸತ್ರೆ ಊರ್ ಮುಂದೆ ನಿಲ್ಲಿಸ್ತೀನಿ ಕಣೇ ನಿನ್ನ! ನಿನ್ ತೋಟ ಬರೆಸ್ಕೊಳ್ದೆ ಬಿಟ್ರೆ ನಾನು ಸುಬ್ಬಮ್ಮನೇ ಅಲ್ಲ!"

ಹಸು ಸತ್ತರೆ ಹಾಗೇ ಆಗುತ್ತದೆ. ತೀರ್ಪು ಕೊಡಲು ಊರಿನವರಿಗೆ ಊಟದ ಹೊತ್ತೂ ಬೇಕಾಗುವುದಿಲ್ಲ. ಗಂಗರತ್ನಮ್ಮ ಸೀರೆ ಎತ್ತಿ ಕಟ್ಟಿ ಗೋಡೆ ಹಾರಿದಳು.

"ಬಾಯಿ ಮುಚ್ಚಕ್ಕ, ಅಸದ ಬಾಯಿ ತೆಗಿ! ಗೊಟ್ಟ ಎಲ್ಲೈತೆ?"

"ಇಂಗು ಮಜ್ಜಿಗೆ ಕುಡುಸ್ತಾ ಇದ್ದೀನಿ, ನೀನ್ ಮುಟ್ಬ್ಯಾಡ!"

"ನಿನ್ ಮಜ್ಜಿಗೆ ನಿನ್ ಗಂಡಂಗೆ ಕುಡ್ಸು. ಒಳಗೆ ನೊರೆ ಕಟ್ಟೈತೆ, ಎಣ್ಣೆ ಬೀಳ್ದೆ ಇಳ್ಯಕ್ಕಿಲ್ಲ. ಕಡ್ಲೆಕಾಯೆಣ್ಣೆ ತತ್ತಾ, ಒಂದಿಷ್ಟು ಶುಂಟಿ ಜಜ್ಜಿ ಆಕು."

"ಹಬ್ಬಕ್ಕೆ ಮಡಗಿದ್ದ ಎಣ್ಣೆ ಕಣೇ ಅದು!"

"ಮಡಿಕ್ಕೋ. ತಿಥಿಗೆ ಆಯ್ತದೆ."

ಸುಬ್ಬಮ್ಮ ಎಣ್ಣೆ ತಂದಳು. ಇಬ್ಬರೂ ಸೇರಿ ಚೆಂದ್ರಿಯನ್ನು ಎಳೆದು ಮುಂಗಾಲು ತಿಪ್ಪೆಯ ದಿಬ್ಬದ ಮೇಲಿರುವಂತೆ ನಿಲ್ಲಿಸಿದರು. ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿ ಗಂಗರತ್ನಮ್ಮ ದವಡೆಯ ಪಕ್ಕದಿಂದ ಗುಟುಕು ಗುಟುಕಾಗಿ ಬಿಟ್ಟಳು.

"ತಲೆ ಅಷ್ಟೆತ್ತಬ್ಯಾಡ, ಎಣ್ಣೆ ಪುಪ್ಪುಸಕ್ಕೆ ಓಗಿ ಉಸ್ರು ಕಟ್ತದೆ! ಏನ್ ದನ ಕಾಯ್ದೆಯೋ ನೀನು."

"ನೀನ್ ವಿಷ ಆಕ್ದಷ್ಟು ಚೆನ್ನಾಗಿ ಕಾಯಕ್ ಬರಕ್ಕಿಲ್ಲಮ್ಮ ನಂಗೆ."

"ಉಪೇಂದ್ರನ್ನ ಕರ್ಕಂಡ್ ಬಂದು ತೋರ್ಸ್ದೆಯಲ್ಲ, ಅದು ವಿಷ ಅಲ್ವಾ?"

"ಮತ್ತೆ ನೀನು ನಮ್ಮ ಹಾಲು ನೀರು ಅಂತ ಮಾರ್ಕೆಟ್ಟಿನಾಗೆಲ್ಲ ಡಂಗೂರ ಹೊಡ್ದಿದ್ದು?"

ಬೇವಿನ ಕೋಲೊಂದನ್ನು ಲಗಾಮಿನಂತೆ ಬಾಯಿಗೆ ಅಡ್ಡ ಕಟ್ಟಿದರು, ಹಸು ಅದನ್ನು ಅಗಿಯುತ್ತಾ ಇರಲಿ ಎಂದು. ಆಮೇಲೆ ಇಬ್ಬರೂ ಎಡಮಗ್ಗುಲಿಗೆ ಅಂಗೈ ಒತ್ತಿ ಉಜ್ಜಿದರು. ಉಜ್ಜುತ್ತಾ ಭಾಗದ ದಿನ, ಬಾವಿಯ ಸರದಿ, ಬೆಂದ ಸಸಿ, ಅತ್ತೆಯ ಓಲೆ ಯಾರ ಕಿವಿಗೆ ಹೋಯಿತು ಎಂಬುದು, ಎಲ್ಲವನ್ನೂ ಮೇಲಕ್ಕೆ ತಂದರು. ಲಕ್ಕಣ್ಣ ಬಾವಿಕಟ್ಟೆಯ ಮೇಲೆ ನಿಂತು ಎರಡು ಸಲ ಕೆಮ್ಮಿದ. ಇಬ್ಬರೂ ಒಟ್ಟಿಗೆ ತಿರುಗಿ ನೋಡಿದ್ದಕ್ಕೆ ಸುಮ್ಮನೆ ಇಳಿದುಹೋದ.

ಕೊನೆಗೆ ಚೆಂದ್ರಿ ಕತ್ತು ಚಾಚಿ ಒಂದು ತೇಗು ತೇಗಿತು. ಹಳಸಿದ ಕೋಸಿನ ವಾಸನೆ ಅಂಗಳ ತುಂಬಿತು. ಇನ್ನೊಂದು ತೇಗು, ಮತ್ತೊಂದು. ಮಗ್ಗುಲು ಮೆತ್ತಗಾಗುತ್ತಾ ಬಂತು. ಆ ಮನೆತನದಲ್ಲಿ ಹೊಟ್ಟೆಯಲ್ಲಿದ್ದುದನ್ನು ಹೊರಗೆ ಹಾಕಿ ಹಗುರಾದದ್ದು ಅದೊಂದೇ. ಇವರಿಬ್ಬರೂ ಮಧ್ಯಾಹ್ನದಿಂದ ಹಾಕಿಯೂ ಹಗುರಾಗಿರಲಿಲ್ಲ.

"ಆಯ್ತಲ್ಲ, ಓಗು" ಎಂದಳು ಸುಬ್ಬಮ್ಮ, ಹಸುವಿನ ಬಾಯಿ ಒರೆಸುತ್ತಾ.

"ಇರಕ್ಕೆ ಯಾರ್ ಬಂದವ್ರೆ? ಇವತ್ತು ಮೇವಾಕ್ಬ್ಯಾಡ. ನಾಳೆ ಒಣ ಹುಲ್ಲು ಮಾತ್ರ."

"ನಂಗೊತ್ತು."

ಗಂಗರತ್ನಮ್ಮ ಎಣ್ಣೆ ಕೈಯನ್ನು ಸುಬ್ಬಮ್ಮನ ಗೋಣಿಚೀಲಕ್ಕೆ ಒರೆಸಿ, ಗೋಡೆ ಹತ್ತಿ ಇಳಿದಳು. ಡಾಕ್ಟರು ಬಂದಾಗ ಸಂಜೆಯಾಗಿತ್ತು. ಹಸು ನೋಡಿ, ಕಾಫಿ ಕುಡಿದು ಹೋದರು.

ಕೋಸು ಕುಯ್ದಾಯಿತು. ಮಾರ್ಕೆಟ್ಟಿನಲ್ಲಿ ಹಳೆಯ ಗಿರಾಕಿಗಳು ಮತ್ತೆ ಮುತ್ತಿಕೊಂಡರು. ಲಕ್ಕಣ್ಣ ತನ್ನ ರಾಗ ನಿಲ್ಲಿಸಿದ. ಉಪೇಂದ್ರ ಮಾತ್ರ ಇನ್ನೊಮ್ಮೆ ಬಂದು ಕೊಟ್ಟಿಗೆಯ ಮುಂದೆ ಸ್ಕೂಟರು ನಿಲ್ಲಿಸಿದ. ಸುಬ್ಬಮ್ಮ ಅವನ ಮುಖ ನೋಡಲಿಲ್ಲ. ಚೆಂದ್ರಿಯ ಕತ್ತಿನಡಿ ಜೋತ ಗಂಗೆದೊಗಲು ತುರಿಸುತ್ತಾ, "ಆ ತೋಟ ಓದ್ರೆ ನಿನ್ ಬಾಯ್ಗೆ ಏನೇ ಆಕ್ಲಿ ಚೆಂದ್ರೀ? ಈವಯ್ಯನ ಟೇಪಾ?" ಎಂದಳು. ಉಪೇಂದ್ರ ಟೇಪನ್ನು ಜೇಬಿಗಿಟ್ಟುಕೊಂಡ. ಗೋಡೆಯ ಈಚೆ ಕಳೆ ಕೀಳುತ್ತಿದ್ದ ಗಂಗರತ್ನಮ್ಮನಿಗೆ ಅದೂ ಅಕ್ಷರ ಅಕ್ಷರವಾಗಿ ಕೇಳಿತು.

ಅಂದಿನಿಂದ ಅವಳು ಕೋಸಿನ ಎಲೆಯನ್ನು ಕುಯ್ದ ಕೂಡಲೇ ಎಸೆಯುತ್ತಿರಲಿಲ್ಲ. ಹಲಸಿನ ಮರದ ನೆರಳಿನಲ್ಲಿ ಒಂದು ದಿನ ಹರವಿ, ಬಾಡಿಸಿ, ಮಾರನೆಯ ದಿನ, ಹಸು ಹುಲ್ಲು ತಿಂದಾದ ಮೇಲೆ, ಅಳತೆಯಾಗಿ ಎಸೆಯುತ್ತಿದ್ದಳು. ಬೈಗುಳ ಮಾತ್ರ ಹಸಿಹಸಿಯಾಗಿಯೇ ಹೋಗುತ್ತಿತ್ತು. ಆಚೆಯಿಂದ ಬರುತ್ತಿದ್ದ ಸಗಣಿಯೂ ಬದಲಾಯಿತು. ಬುಟ್ಟಿಯಲ್ಲಿ ತಿಪ್ಪೆಯ ಬುಡದ ಹಳೆಯ ಗೊಬ್ಬರ, ಕರ್ರಗೆ, ಕಾಫಿಪುಡಿಯಂತೆ ಉದುರುದುರಾಗಿ ಬರತೊಡಗಿತು. ಅದೂ ಒಟ್ಲು ಬಿಟ್ಟು ಖಾಲಿ ಪಾತಿಯ ಮೇಲೆಯೇ ಬೀಳುತ್ತಿತ್ತು. ಜೊತೆಗೆ, "ನೋಡೇ ಚೆಂದ್ರಿ, ಕಣ್ ಕಾಣ್ದೋರ ತಲೆ ಮೇಲೆ ಬೀಳ್ಲಿ" ಎಂಬ ಹಾರೈಕೆ.

ಒಂದು ದಿನ ಸುಬ್ಬಮ್ಮನ ಕೈ ಜಾರಿ ಗೊಬ್ಬರದ ಜೊತೆ ಬುಟ್ಟಿಯೂ ಈಚೆ ಬಿತ್ತು. ಹೊಸ ಬಿದಿರು ಬುಟ್ಟಿ. ಗಂಗರತ್ನಮ್ಮ ಅದನ್ನು ತೊಳೆದು, ಒಣಗಿಸಿ, ನವಿಲುಕೋಸು ತುಂಬಿಕೊಂಡು ಯಶವಂತಪುರಕ್ಕೆ ಹೊರಟಳು.

"ಚೆಂದ್ರೀ, ಕಳ್ಳರು ಬುಟ್ಟಿ ಒತ್ಕಂಡ್ ಓಯ್ತಾವ್ರೆ ನೋಡೇ!" ಎಂದು ಗೋಡೆಯಾಚೆಯಿಂದ ಕೂಗು ಬಂತು.

ಗಂಗರತ್ನಮ್ಮ ಬುಟ್ಟಿಯನ್ನು ತಲೆಯ ಮೇಲೆ ಇನ್ನೊಂದಿಷ್ಟು ನೆಟ್ಟಗೆ ಮಾಡಿಕೊಂಡು, ಕಾಣುವಂತೆ, ಗೋಡೆಯ ಪಕ್ಕದಲ್ಲೇ ನಡೆದುಹೋದಳು.