ಸಿಲಿಂಡರ್ ಸುತ್ತಿದ ಕೋಳಿಗಳು

ಅತ್ತೆಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕೋಳಿಗಳು ಕುಕ್ಕಿ ಕುಕ್ಕಿ ಚರ್ಮ ಗಟ್ಟಿಯಾಗಿತ್ತು. ಅದರ ಮೇಲೆ ಸದಾ ಮೆಕ್ಕೆಜೋಳದ ನುಚ್ಚಿನ ಪುಡಿ ಮೆತ್ತಿರುತ್ತಿತ್ತು. ಸಂಬಂಧದಲ್ಲಿ ಆಕೆ ನನಗೇನೂ ಆಗಬೇಕಿರಲಿಲ್ಲ. ಬಿಳಿಚೋಡಿನಲ್ಲಿ ನಮ್ಮ ಪಕ್ಕದ ಮನೆಯವಳು, ಅಷ್ಟೇ. ಆದರೂ ನನಗೆ ಬುದ್ಧಿ ಬಂದಾಗಿನಿಂದ ಅತ್ತೆ.

ಹೊತ್ತು ಇಳಿಯುತ್ತಿದ್ದಂತೆ ಅತ್ತೆ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು "ಬಾ ಬಾ ಬಾ" ಎಂದು ಕರೆಯುತ್ತಿದ್ದಳು. ತಿಪ್ಪೆ ಕೆದರುತ್ತಿದ್ದ ಕೋಳಿಗಳು, ಬೇಲಿ ಸಂದಿಯಲ್ಲಿದ್ದವು ಎಲ್ಲ ಓಡಿ ಬರುತ್ತಿದ್ದವು. ತಡವಾಗಿ ಬಂದ ಹೇಂಟೆಗೆ ಮಂಗಳಾರತಿ ತಪ್ಪುತ್ತಿರಲಿಲ್ಲ. "ಬಂದ್ಯೇನವ್ವಾ, ಊರ ಪಂಚಾಯ್ತಿ ಎಲ್ಲಾ ಮುಗೀತಾ?"

ಆಟದಲ್ಲಿದ್ದ ನನ್ನನ್ನು ಅವ್ವ ಕರೆದದ್ದೇ ಇಲ್ಲ. ಅತ್ತೆಯ ದನಿ ಕೇಳಿದರೆ ನಾನೂ ಓಡಿ ಬರುತ್ತಿದ್ದೆ. ಅವ್ವ ಹೊಲದಿಂದ ಬರುವುದು ತಡವಾದರೆ ಅತ್ತೆ ಮೊಟ್ಟೆ ಬೇಯಿಸಿ ಕೊಟ್ಟು, ಗೂಡಿನ ಪಕ್ಕ ಕೂರಿಸಿಕೊಳ್ಳುತ್ತಿದ್ದಳು.

ರಸ್ತೆ ಅಗಲ ಮಾಡಿದಾಗ ಅತ್ತೆಯ ಮನೆಯೂ ಗೂಡೂ ಹೋದವು. ನಮ್ಮ ಮನೆ ತುಸು ಹಿಂದಿದ್ದುದರಿಂದ ಉಳಿಯಿತು. ಅತ್ತೆಯ ಮಗ ರಸ್ತೆಯ ಆಚೆ ಬದಿಗೆ ತಾರಸಿ ಮನೆ ಕಟ್ಟಿಸಿದ. ಅತ್ತೆ ಹಳೇ ಗೂಡಿನ ಹಲಗೆ, ಬಾಗಿಲುಗಳಿಂದಲೇ ಅಲ್ಲೊಂದು ಗೂಡು ಮಾಡಿಸಿದಳು. ಹೊಸ ಕೋಳಿ ತಂದರೆ ಅದನ್ನು ಎತ್ತಿಕೊಂಡು ಒಲೆಗೆ ಮೂರು ಸುತ್ತು ಹಾಕಿ ಬಿಡುವುದು ಅತ್ತೆಯ ರೂಢಿ. ಆಗ ಅದು ಮನೆ ಮರೆಯುವುದಿಲ್ಲವಂತೆ. ಹೊಸ ಮನೆಯಲ್ಲಿ ಒಲೆಯೇ ಇರಲಿಲ್ಲ, ಗ್ಯಾಸ್ ಕಟ್ಟೆ ಗೋಡೆಗೆ ಅಂಟಿಕೊಂಡಿತ್ತು. ಅತ್ತೆ ಸಿಲಿಂಡರನ್ನು ನಡುಮನೆಗೆ ಎಳೆಸಿ, ಒಂದೊಂದೇ ಕೋಳಿಯನ್ನು ಅದಕ್ಕೇ ಸುತ್ತಿಸಿದಳು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಾನೂ ನಕ್ಕೆ.

ಹಗಲೆಲ್ಲ ಹೊಸ ಮನೆ ಮುಂದೆ ಮೇಯ್ದ ಕೋಳಿಗಳು ಸಂಜೆಯಾದರೆ ರಸ್ತೆ ದಾಟಿ, ಹಳೇ ಗೂಡಿದ್ದ ಜಾಗದ ಜಲ್ಲಿಯ ಮೇಲೆ ಬಂದು ಕೂರುತ್ತಿದ್ದವು. ಅತ್ತೆ ಆಚೆಯಿಂದ ಗಂಟಲು ಹರಿಯುವಂತೆ ಕರೆದರೆ ಕತ್ತು ತಿರುಗಿಸಿ ನೋಡುತ್ತಿದ್ದವೇ ಹೊರತು ಏಳುತ್ತಿರಲಿಲ್ಲ. ಮಂಕರಿ ತಂದು ತುಂಬಿಕೊಂಡು ಹೋಗುತ್ತಿದ್ದಳು. ಮರುದಿನ ಮತ್ತೆ ಅದೇ ಕತೆ. ಲಾರಿಗಳಿಗೆ ಅವಸರ, ಕೋಳಿಗಳಿಗೆ ತಿಳಿವಳಿಕೆ ಇಲ್ಲ.

"ಒಂದು ವಾರ ಗೂಡಿನಾಗೇ ಕೂಡಿಹಾಕಿ ಅಲ್ಲೇ ಕಾಳು ಹಾಕು ಅತ್ತೆ, ರೂಢಿ ಆಗ್ತೈತೆ," ಎಂದೆ.

"ಕೂಡಿಹಾಕಿದ್ದೆ ಕಣವ್ವ. ಒಂದೇ ಸಮ ಒದರ್ತಾವೆ. ನನ್ನ ಕೈಲಿ ನೋಡಾಕೆ ಆಗಲ್ಲ."

ಮಧ್ಯಾಹ್ನದೊಳಗೆ ಬಾಗಿಲು ತೆಗೆದುಬಿಡುತ್ತಿದ್ದಳು. ಮಗ ಬೀಗ ಜಡಿದರೆ ಊಟ ಬಿಡುತ್ತಿದ್ದಳು. ಎಂಥ ಹಟದ ಹೆಂಗಸು ಎಂದು ನನಗೆ ಸಿಟ್ಟು ಬರುತ್ತಿತ್ತು. ಕೊನೆಗೆ, ಅವು ದಾಟುವುದನ್ನು ತಡೆಯಲಾಗದೆ, ರಸ್ತೆ ನಡುವೆ ತಾನೇ ನಿಂತು ಸೆರಗು ಬೀಸಿ ಗಾಡಿ ನಿಲ್ಲಿಸತೊಡಗಿದಳು. ಡ್ರೈವರುಗಳು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಆದರೂ ಗಾಲಿಗೆ ಸಿಕ್ಕಿ ಕೋಳಿಗಳು ಕರಗುತ್ತಲೇ ಹೋಗಿ, ಒಂದು ಕೆಂಪು ಹೇಂಟೆ ಮಾತ್ರ ಉಳಿಯಿತು.

ಈ ವರ್ಷ ಅತ್ತೆ ಹಾಸಿಗೆ ಹಿಡಿದಳು. ಒಂದು ಸಂಜೆ ನೋಡಲು ಹೋದರೆ ಮೊದಲ ಮಾತೇ, "ಕೆಂಪಿ ಬಂತಾ?"

ಹೇಂಟೆ ಬೆಳಿಗ್ಗೆಯಿಂದ ಆಚೆಯೂ ಇಲ್ಲ, ಈಚೆಯೂ ಇಲ್ಲ. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಇಲ್ಲತ್ತೆ."

"ಹಂಗಾರೆ ಗೂಡಿನ ಬಾಗ್ಲು ಹಾಕಬ್ಯಾಡ. ಒಂದ್ಸಲ ಕರಿಯವ್ವ, ನನಗೆ ದನಿ ಏಳವಲ್ದು."

ಹೊರಗೆ ಬಂದು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು "ಬಾ ಬಾ ಬಾ" ಎಂದೆ. "ಜೋರಾಗಿ," ಎಂದಳು ಒಳಗಿನಿಂದ. ಜೋರಾಗಿ ಕರೆದೆ. "ಇನ್ನೊಂದೀಟು ಜೋರಾಗಿ." ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಗಂಟಲು ಒಣಗಿದರೂ ಕರೆಯುತ್ತಲೇ ಇದ್ದೆ. ಒಳಗಿನ ದನಿ ಯಾವಾಗ ನಿಂತಿತೋ ತಿಳಿಯಲಿಲ್ಲ. ಸೊಸೆ ಹೊರಗೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು, "ಸಾಕು ಬಿಡಕ್ಕ," ಎಂದಳು.

ನನ್ನನ್ನು ಅಷ್ಟು ವರ್ಷ ಮನೆಗೆ ಕರೆದವಳಿಗೆ ಒಂದು ಕೋಳಿಯನ್ನು ಕರೆದು ಕೊಡಲು ನನ್ನಿಂದಾಗಲಿಲ್ಲ.