ಎಮ್ಮೆ ಕೇಳಿದ ಸೈಲೆನ್ಸರ್

ನಮ್ಮ ಕಾರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡುವ ಭಾಗದ ಹೆಸರು ಸೈಲೆನ್ಸರ್. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂದ ಹಾಗೆ. ತಪ್ಪು ಸೈಲೆನ್ಸರಿನದಲ್ಲ, ನಮ್ಮ ಯಜಮಾನರದು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಅವರು ವೆಲ್ಡರ್. ಸೆಕೆಂಡ್ ಹ್ಯಾಂಡ್ ಕೊಂಡ ಕಾರಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾದಾಗ, ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯ ಮುಂದೆ ಕಾರನ್ನು ಇಟ್ಟಿಗೆಗಳ ಮೇಲೆ ಎತ್ತಿ ನಿಲ್ಲಿಸಿ, ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಿದರು. ಸದ್ದು ತಡೆಯುವ ಡಬ್ಬಿಯನ್ನು ಕಿತ್ತೆಸೆದು, ಆ ಜಾಗಕ್ಕೆ ತಾವೇ ಬೆಸುಗೆ ಹಾಕಿದ ನೇರ ಪೈಪು ಕೂರಿಸಿದರು. ಹೊಗೆ ಸಲೀಸಾಗಿ ಹೋದರೆ ಮೈಲೇಜ್ ಜಾಸ್ತಿ ಬರುತ್ತದೆ ಎಂಬುದು ಅವರ ಸಿದ್ಧಾಂತ.

“ಮೈಲೇಜ್ ಬಂತೇನ್ರೀ?” ಎಂದರೆ, “ದಾರೀಲಿದೆ ಕಣೇ, ಬರ್ತಿದೆ” ಎನ್ನುತ್ತಿದ್ದರು. ಬಂದದ್ದು ಸದ್ದು ಮಾತ್ರ.

ಅವರು ಬೆಳಗಿನ ಪಾಳಿಗೆ ಹೊರಡುವುದೂ ಮನೆ ಓನರ್ ಪುಟ್ಟಮ್ಮನವರು ಎಮ್ಮೆ ಕರೆಯುವುದೂ ಒಂದೇ ಹೊತ್ತಿಗೆ. ಬರಬರುತ್ತಾ ಕಾರು ಗುಡುಗದೆ ಎಮ್ಮೆ ಹಾಲು ಬಿಡದಂತಾಯಿತು. ಕೃಷ್ಣನ ಕೊಳಲಿಗೆ ಹಸುಗಳು ಹಾಲು ಸುರಿಸಿದವೆಂದು ಹರಿಕಥೆಯಲ್ಲಿ ಕೇಳಿದ್ದೇನೆ. ಅದೂ ತೂತುಬಿದ್ದ ಕೊಳವೆಯೇ ತಾನೆ?

ಕಳೆದ ವರ್ಷ ಅವರು ತೀರಿಕೊಂಡರು. ಸೂತಕ ಕಳೆದ ಮಾರನೆಯ ಬೆಳಿಗ್ಗೆ ಪುಟ್ಟಮ್ಮ ಬಾಗಿಲಿಗೆ ಬಂದರು. “ಒಸಿ ಗಾಡಿ ಸ್ಟಾರ್ಟ್ ಮಾಡವ್ವ, ಎಮ್ಮೆ ಆಲು ಬಿಡ್ತಿಲ್ಲ.”

ನನಗೆ ಕಾರು ಓಡಿಸಲು ಬಾರದು. ಕೀ ತಿರುಗಿಸಲು ಬರುತ್ತದೆ. ಅಂದಿನಿಂದ ದಿನಾ ಬೆಳಿಗ್ಗೆ ಅವರ ಸೀಟಿನಲ್ಲಿ ಕೂತು ಕಾರನ್ನು ಗುಡುಗಿಸುವುದು ನನ್ನ ಕೆಲಸವಾಯಿತು. ಆ ಸದ್ದಿನೊಳಗೆ ಎಷ್ಟು ಅತ್ತರೂ ಪಕ್ಕದ ಮನೆಗೆ ಕೇಳುವುದಿಲ್ಲ. ಸೈಲೆನ್ಸರ್ ಎಂಬ ಹೆಸರು ಅಷ್ಟೇನೂ ತಪ್ಪಲ್ಲ ಎಂದು ಆಗ ಅನ್ನಿಸಿತು.

ಮೊನ್ನೆ ಕಾರು ಮಾರಿಸಿಕೊಡಲು ಮೈದುನ ಬಂದ. ಊರಿಗೆಲ್ಲ ಫಾರಿನ್ ಕಾರುಗಳು ಬರುತ್ತಿರುವ ಈ ಕಾಲದಲ್ಲಿ ಈ ಸದ್ದಿನ ಗಾಡಿಯನ್ನು ಯಾರೂ ಕೊಳ್ಳುವುದಿಲ್ಲವೆಂದು ಹೊಸ ಸೈಲೆನ್ಸರ್ ತಂದಿದ್ದ. ಅಣ್ಣನ ಹಾಗೆಯೇ ಅಡಿಗೆ ತೂರಿ ಅದನ್ನು ಕೂರಿಸಿದ. “ನೋಡಿ ಅತ್ತಿಗೆ, ಇಂಜಿನ್ ಓಡ್ತಿದ್ಯೋ ಇಲ್ವೋ ಗೊತ್ತೇ ಆಗಲ್ಲ” ಎಂದ.

ನಿಜ, ಗೊತ್ತಾಗಲಿಲ್ಲ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಗಂಡ ಸತ್ತವಳು ಸದ್ದು ಬೇಕು ಎಂದರೆ ಸಮಾಧಾನ ಹೇಳಲು ಬೀದಿಯೇ ಬರುತ್ತದೆ.

ಮಾರನೆಯ ಬೆಳಿಗ್ಗೆ ಪುಟ್ಟಮ್ಮ ನನ್ನ ಮುಖವನ್ನು ಒಮ್ಮೆ ನೋಡಿ ಅವನ ಕಡೆ ತಿರುಗಿದರು. “ಏನಪ್ಪಾ, ಎಮ್ಮೆ ಒಂದು ತೊಟ್ಟು ಆಲು ಬಿಟ್ಟಿಲ್ಲ. ಅಳೇ ಪೈಪೇ ಆಕು. ಗಾಡಿ ಮಾರೋದಾದ್ರೆ ಎಮ್ಮೇನೂ ಸೇರಿಸಿ ಮಾರು.”

“ಎಮ್ಮೆ ಮಾತು ಕೇಳ್ಕೊಂಡು ಕಾರು ಬಿಚ್ಚಬೇಕಾ?” ಎಂದು ಗೊಣಗುತ್ತಲೇ ಅವನು ಮತ್ತೆ ಗೋಣಿಚೀಲ ಹಾಸಿದ. ಅತ್ತಿಗೆಯ ಮಾತಿಗಾದರೆ ಬುದ್ಧಿವಾದ ಹೇಳಬಹುದು. ಎಮ್ಮೆಗೆ ಏನೆಂದು ಹೇಳುವುದು?

ಪುಟ್ಟಮ್ಮ ಒಳಗೆ ಬಂದು ಸೆರಗಿನ ಮರೆಯಿಂದ ಚೊಂಬು ತೆಗೆದು ಒಲೆಯ ಪಕ್ಕ ಇಟ್ಟರು. ನಮಗೆ ದಿನಾ ಕೊಡುವಷ್ಟೇ ಹಾಲು, ಇನ್ನೂ ಬೆಚ್ಚಗಿತ್ತು. ಕಾರಿನಡಿ ಮಲಗಿ ಎಮ್ಮೆಯ ವಂಶವನ್ನೆಲ್ಲ ಬೈಯುತ್ತಿದ್ದ ಮೈದುನನಿಗೆ ಆ ಹಾಲಿನಲ್ಲೇ ಗಟ್ಟಿ ಕಾಫಿ ಮಾಡಿಕೊಟ್ಟೆ.